ಯಾವ ಬಾಗಿಲು ತಟ್ಟಬೇಕು?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ನಮ್ಮನ್ನು ಒಕ್ಕಲೆಬ್ಬಿಸುವ ಪೊಲೀಸರು ಬರುವುದಕ್ಕೆ ಮುಂಚೆ ಒಂದು ಕಾಗದ ಬರುತ್ತದೆ. ಅದರಲ್ಲಿ ಸೀಲು ಇರುತ್ತದೆ, ಸಹಿ ಇರುತ್ತದೆ, ಕಲಂ ಸಂಖ್ಯೆ ಇರುತ್ತದೆ. ಕೇರಿಯಲ್ಲಿ ಅದನ್ನು ಓದುವವರು ಯಾರು? ಹಾಸ್ಟೆಲಿನ ಅನ್ನ ಉಂಡು ನಾಲ್ಕಕ್ಷರ ಕಲಿತ ನಾವು. ರಜೆಗೆ ಹೋದಾಗ ಅಪ್ಪ ಸೂರಿನ ಸಂದಿಯಿಂದ ತೆಗೆದು, 'ಇದೇನು ನೋಡು ಮಗಾ' ಅಂತ ನಮ್ಮ ಕೈಗೇ ಕೊಡೋದು. ಎಷ್ಟೋ ಸಲ ಅಷ್ಟು ಹೊತ್ತಿಗೆ ವಾಯಿದೆ ಮುಗಿದಿರುತ್ತದೆ.

ಆದ್ದರಿಂದ ಇವತ್ತು ಕವಿತೆ ಬೇಡ. ಆ ಕಾಗದವನ್ನು ಓದೋದು ಕಲಿಯೋಣ.

ಆದೇಶ ಕೈಗೆ ಬಂದ ಕೂಡಲೇ ಮೂರು ಪ್ರಶ್ನೆ ಕೇಳಬೇಕು. ಯಾವ ಕಾಯ್ದೆಯ ಯಾವ ಕಲಂ ಕೆಳಗೆ ಬರೆದದ್ದು? ಸಹಿ ಹಾಕಿದ ಅಧಿಕಾರಿ ಯಾರು? ನಮಗೆ ಮುಟ್ಟಿದ ತಾರೀಕು ಯಾವುದು? ಯಾವ ಬಾಗಿಲು ತಟ್ಟಬೇಕು ಅನ್ನೋದನ್ನ ಈ ಮೂರೇ ಹೇಳುತ್ತವೆ.

ಮೊದಲನೆಯದು. ಗೋಮಾಳದಲ್ಲಿ ಗುಡಿಸಲು ಹಾಕಿದ್ದೀವಿ, ಇಲ್ಲವೇ ಉಳುತ್ತಿದ್ದೀವಿ. ತಹಶೀಲ್ದಾರರು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ ಕೆಳಗೆ ತೆರವಿಗೆ ಆದೇಶ ಮಾಡಿದ್ದಾರೆ. ಅದರ ಮೇಲ್ಮನವಿ ಹೋಗೋದು ಎ.ಸಿ. ಅವರಿಗೆ, ಅಂದರೆ ಉಪವಿಭಾಗಾಧಿಕಾರಿಗೆ. ಎ.ಸಿ. ಮಾಡಿದ ಆದೇಶವಾದರೆ ಡಿ.ಸಿ.ಗೆ. ಡಿ.ಸಿ. ಮಾಡಿದ್ದಾದರೆ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ. ಕಲಂ 49 ಹೇಳೋದು ಇದನ್ನೇ. ಇದನ್ನು ಬಿಟ್ಟು ನೇರವಾಗಿ ಸಿವಿಲ್ ಕೋರ್ಟಿಗೆ ದಾವೆ ಹಾಕಿದರೆ, ಕಲಂ 61 ಮತ್ತು 63 ಅಡ್ಡ ನಿಲ್ಲುತ್ತವೆ.

ಎರಡನೆಯದು. ಜಾಗ ಸರ್ಕಾರದ್ದೋ ಪುರಸಭೆಯದ್ದೋ ಆಗಿ, ಆದೇಶ 1974ರ ಕರ್ನಾಟಕ ಸಾರ್ವಜನಿಕ ಆವರಣಗಳ ಕಾಯ್ದೆಯ ಕೆಳಗೆ ಬಂದಿದ್ದರೆ, ಸಹಿ ಹಾಕಿದವರನ್ನು 'ಸಕ್ಷಮ ಅಧಿಕಾರಿ' ಅಂತಾರೆ. ಇದರ ಮೇಲ್ಮನವಿ ಆ ಜಾಗ ಇರುವ ಜಿಲ್ಲೆಯ ಜಿಲ್ಲಾ ನ್ಯಾಯಾಧೀಶರ ಮುಂದೆ. ವಾಯಿದೆ ಬಹಳ ಚಿಕ್ಕದು, ದಿನದ ಲೆಕ್ಕದ್ದು. ಕೇರಿ ಅದೇ, ಗುಡಿಸಲು ಅದೇ, ಕಾಯ್ದೆ ಬದಲಾದರೆ ಬಾಗಿಲೂ ಬದಲು. ಇಲ್ಲಿ ಡಿ.ಸಿ. ಕಚೇರಿ ಮುಂದೆ ತಿಂಗಳುಗಟ್ಟಲೆ ಅರ್ಜಿ ಹಿಡಿದು ನಿಂತರೆ ವಾಯಿದೆ ನಮಗಾಗಿ ಕಾಯೋದಿಲ್ಲ.

ಮೂರನೆಯದು ನಮ್ಮದೇ ಕಾಯ್ದೆ, ಪಿ.ಟಿ.ಸಿ.ಎಲ್. 1978ರದ್ದು, ಜಾರಿಗೆ ಬಂದದ್ದು 1979ರ ಜನವರಿ 1ರಂದು. ಇಲ್ಲಿ ಒಕ್ಕಲೇಳಬೇಕಾದವರು, ನಮ್ಮವರಿಗೆ ಮಂಜೂರಾದ ಭೂಮಿಯನ್ನು ಷರತ್ತು ಮೀರಿ ಕೊಂಡವರು. ಕಲಂ 5ರ ಕೆಳಗೆ ಎ.ಸಿ. ತೀರ್ಮಾನ ಮಾಡುತ್ತಾರೆ. ನಮ್ಮ ಅರ್ಜಿ ವಜಾ ಆದರೆ ನಾವು, ನಮ್ಮ ಕಡೆ ಆದರೆ ಅವರು, ಡಿ.ಸಿ.ಗೆ ಮೇಲ್ಮನವಿ ಹೋಗಬಹುದು. ಆದೇಶ ತಲುಪಿದ ದಿನದಿಂದ 3 ತಿಂಗಳು, ಕಲಂ 5ಎ. ಎ.ಸಿ. ನಡೆಸುವ ಈ ವಿಚಾರಣೆಗೆ ಯಾವ ಕೋರ್ಟೂ ಇಂಜಂಕ್ಷನ್ ಕೊಡುವಂತಿಲ್ಲ ಅಂತ ಕಲಂ 5ರಲ್ಲೇ ಇದೆ. 'ಸಿವಿಲ್ ಕೋರ್ಟಿನಿಂದ ಸ್ಟೇ ತರ್ತೀವಿ' ಅಂತ ಯಾರಾದರೂ ಹೆದರಿಸಿದರೆ ಈ ಸಾಲನ್ನು ಓದಿ ಹೇಳಿ.

ಈ ಕಾಯ್ದೆಯೇ ಸಂವಿಧಾನಕ್ಕೆ ವಿರುದ್ಧ ಅಂತ ಭೂಮಿ ಕೊಂಡವರು ಸುಪ್ರೀಂ ಕೋರ್ಟಿನವರೆಗೂ ಹೋದರು. ಮಂಚೇಗೌಡ ಪ್ರಕರಣದಲ್ಲಿ, 1984ರಲ್ಲಿ, ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ, ಬಹಳ ತಡವಾಗಿ ಬಂದ ಅರ್ಜಿ ನಿಲ್ಲೋದಿಲ್ಲ ಅಂತ ಅದೇ ಕೋರ್ಟು ಹೇಳಿತು. ಹೋರಾಟ ನಡೆಯಿತು. 2023ರಲ್ಲಿ ತಿದ್ದುಪಡಿ ಬಂತು, ಈ ಕಾಯ್ದೆಗೆ ಕಾಲಮಿತಿ ಇಲ್ಲ ಅಂತ ಬರೆಯಿತು. ಅದಾದ ಮೇಲೂ ಹೈಕೋರ್ಟಿನಲ್ಲಿ 'ತಡ ಯಾಕಾಯಿತು' ಅನ್ನೋ ಪ್ರಶ್ನೆ ಏಳುತ್ತಲೇ ಇದೆ. ತಿದ್ದುಪಡಿ ಇದೆಯಲ್ಲ ಅಂತ ಯಾರೂ ಮಲಗಬೇಡಿ.

ಡಿ.ಸಿ. ಆದೇಶದ ಮೇಲೆ ಈ ಕಾಯ್ದೆಯಲ್ಲಿ ಇನ್ನೊಂದು ಮೇಲ್ಮನವಿ ಇಲ್ಲ. ಹೈಕೋರ್ಟಿಗೆ ರಿಟ್ ಹಾಕಬೇಕು. ಅದಕ್ಕೆ ಎಲ್ಲರೂ ಬೆಂಗಳೂರಿಗೇ ಹೋಗಬೇಕಿಲ್ಲ. 2008ರಿಂದ ಧಾರವಾಡದಲ್ಲೂ ಕಲಬುರಗಿಯಲ್ಲೂ ಪೀಠಗಳಿವೆ, 2013ರಿಂದ ಅವು ಕಾಯಂ. ಗದಗ, ಕೊಪ್ಪಳದವರು ಧಾರವಾಡಕ್ಕೆ. ರಾಯಚೂರು, ಬೀದರಿನವರು ಕಲಬುರಗಿಗೆ.

ಇನ್ನೊಂದು ಮಾತು. ಮೇಲ್ಮನವಿ ಹಾಕಿದ ಮಾತ್ರಕ್ಕೆ ಜೆಸಿಬಿ ನಿಲ್ಲೋದಿಲ್ಲ. ತಡೆಯಾಜ್ಞೆಗೆ ಬೇರೆ ಅರ್ಜಿ ಕೊಡಬೇಕು, ಅವತ್ತೇ ಕೊಡಬೇಕು. ಆದೇಶದ ದೃಢೀಕೃತ ನಕಲಿಗೂ ಅವತ್ತೇ ಅರ್ಜಿ ಹಾಕಿ, ರಸೀದಿ ಇಟ್ಟುಕೊಳ್ಳಿ. ನಕಲು ಸಿಗಲು ಹಿಡಿದ ದಿನಗಳನ್ನು ಸಾಮಾನ್ಯವಾಗಿ ವಾಯಿದೆಯಿಂದ ಕಳೆಯುತ್ತಾರೆ. ತಪ್ಪು ಕೋರ್ಟಿನಲ್ಲಿ ಪ್ರಾಮಾಣಿಕವಾಗಿ ಕಳೆದ ಕಾಲವನ್ನು ಕೋರ್ಟು ಮನ್ನಿಸಲೂಬಹುದು. ಮನ್ನಿಸದೆಯೂ ಇರಬಹುದು. ನಮ್ಮ ಅವ್ವನ ಗುಡಿಸಲನ್ನು ಆ 'ಬಹುದು' ಮೇಲೆ ನಿಲ್ಲಿಸೋಕೆ ಆಗುತ್ತದೆಯೇ?

2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಬುಲ್ಡೋಜರಿನ ಬಗ್ಗೆ ತೀರ್ಪು ಕೊಟ್ಟಿತು. ಕಟ್ಟಡ ಕೆಡವುವ ಮುಂಚೆ ಕನಿಷ್ಠ 15 ದಿನದ ನೋಟೀಸು ಕೊಡಬೇಕು, ಮೇಲ್ಮನವಿಗೆ ಅವಕಾಶ ಇರಬೇಕು ಅಂದಿತು. ಒಳ್ಳೆಯ ಮಾತು. ಆದರೆ ರಸ್ತೆ, ಫುಟ್‌ಪಾತು, ರೈಲು ಹಳಿಯ ಪಕ್ಕ, ಕೆರೆ ನದಿಯ ಜಾಗದಲ್ಲಿರುವ ಅಕ್ರಮ ಕಟ್ಟಡಕ್ಕೆ ಆ ನಿರ್ದೇಶನ ಅನ್ವಯಿಸೋದಿಲ್ಲ ಅಂತಲೂ ಬರೆದಿದೆ. ಊರು ನಮ್ಮನ್ನು ತಳ್ಳಿದ್ದು ಅಲ್ಲಿಗೇ ಅಲ್ಲವೇ?

ವಕೀಲರಿಗೆ ಕೊಡಲು ದುಡ್ಡೆಲ್ಲಿ ಅಂತ ಕೇಳ್ತೀರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, ಕಲಂ 12. ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗಬೇಕು. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯನ್ನು ಕೇಳಿ. ಅದು ಭಿಕ್ಷೆ ಅಲ್ಲ, ಹಕ್ಕು.

ಬೀದಿ ಬಿಟ್ಟು ಕೋರ್ಟಿಗೆ ಹೋಗಿ ಅಂತ ನಾವು ಹೇಳ್ತಾ ಇಲ್ಲ. ಮಹಾಡದ ಚವದಾರ್ ಕೆರೆಯ ನೀರನ್ನು ಬಾಬಾಸಾಹೇಬರು 1927ರ ಮಾರ್ಚಿಯಲ್ಲಿ ಸಾವಿರಾರು ಜನರ ಜೊತೆ ಮುಟ್ಟಿದರು. ಆ ವರ್ಷದ ಕೊನೆಗೆ ಸವರ್ಣೀಯರು ಕೋರ್ಟಿನಿಂದ ತಡೆಯಾಜ್ಞೆ ತಂದರು. ಬಾಬಾಸಾಹೇಬರು ಬೀದಿಯಲ್ಲೂ ನಿಂತರು, ಕೋರ್ಟಿನಲ್ಲೂ ನಿಂತರು. 1937ರಲ್ಲಿ ಬೊಂಬಾಯಿ ಹೈಕೋರ್ಟು ಅವರ ಕಡೆ ತೀರ್ಪು ಕೊಟ್ಟಿತು. ಒಂದು ಬೊಗಸೆ ನೀರಿಗೆ ಹತ್ತು ವರ್ಷ!

ಈ ಸಲ ರಜೆಗೆ ಹೋದಾಗ ಕೇರಿಯ ಮನೆಮನೆಗೆ ಹೋಗಿ. ಹಕ್ಕುಪತ್ರ, ಮಂಜೂರಾತಿ ಆದೇಶ, ಪಹಣಿ, ಬಂದ ನೋಟೀಸು, ಎಲ್ಲವನ್ನೂ ಕೇಳಿ ತೆಗೆಸಿ ಓದಿ. ಪ್ರತಿ ಮನೆಯ ಕಾಯ್ದೆ, ಅಧಿಕಾರಿ, ತಾರೀಕು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಮ್ಮ ಜನಕ್ಕೆ ನಾವು ಕಲಿತ ಅಕ್ಷರದಿಂದ ಸಲ್ಲಬೇಕಾದ ಮೊದಲ ಸಾಲ ಇದು.

ಜೈ ಭೀಮ್.