ಠಾಣೆಯ ಪುಸ್ತಕಕ್ಕೆ ಏರದ ಲೆಕ್ಕ

(ಮೊಸಳೆಯಲ್ಲಿ ಮಾಡಿದ ಭಾಷಣ)



ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವೆಂದರೆ ಅದು ಪಟ್ಟಣದ ಮಾತು, ಠಾಣೆಯಲ್ಲಿ ದೂರಿಲ್ಲ, ಆದ್ದರಿಂದ ಊರಿನಲ್ಲಿ ಕೇಡಿಲ್ಲ ಎನ್ನುವವರಿದ್ದಾರೆ. ಅಂಗಡಿಯವರನ್ನೇ ಕೇಳುತ್ತೇನೆ: ಉದ್ರಿ ಬರೆದಿಡದಿದ್ದರೆ ಸಾಲ ತೀರಿತೇ?

2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 13 ರಾಜ್ಯಗಳ 12,447 ಮಕ್ಕಳ ಉತ್ತರಗಳನ್ನು ಪ್ರಕಟಿಸಿತು. ಶೇಕಡಾ 53 ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳಕ್ಕೆ ಸಿಕ್ಕಿದ್ದರು. ಅವರಲ್ಲಿ ಅರ್ಧಕ್ಕೂ ಹೆಚ್ಚು ಗಂಡುಮಕ್ಕಳು! ಆ 13ರಲ್ಲಿ ಕರ್ನಾಟಕವಿರಲಿಲ್ಲ. ಹಾಗೆಂದು ನಾವು ಬಚಾವಾದೆವೇ?

ಅದೇ ಸಮೀಕ್ಷೆ 18ರಿಂದ 24ರ ವಯಸ್ಸಿನ 2,324 ಮಂದಿಯನ್ನೂ ಕೇಳಿತು. ಈ ವಯಸ್ಸಿಗೆ ಬಾಲ್ಯ ಮುಗಿದಿರುತ್ತದೆ, ನೆನಪು ಮಾಸಿರುವುದಿಲ್ಲ. ಆದರೆ ಕೇಳುವ ಬಗೆ ತಿಳಿದಿರಬೇಕು. ಅತ್ತೆ ಮಾವನ ಎದುರಿಗೆ ಕೂರಿಸಿ ಕೇಳಿದರೆ ಯಾವ ಸೊಸೆ ಹೌದೆಂದಾಳು? ಒಬ್ಬೊಬ್ಬರನ್ನೇ, ಹೆಸರು ಬರೆದುಕೊಳ್ಳದೆ, ಏನು ನಡೆಯಿತು, ಆಗ ವಯಸ್ಸೆಷ್ಟು ಎಂದು ಬಿಡಿಸಿ ಕೇಳಬೇಕು. ಹುಡುಗರನ್ನೂ ಕೇಳಬೇಕು. ನೊಂದವರಿಗೆ ಆಸರೆ ಎಲ್ಲಿದೆಯೆಂದೂ ತಿಳಿಸಬೇಕು; ಬರಿಯ ಅಂಕಿ ಹೊತ್ತು ಹೋಗುವವರು ನಮಗೆ ಬೇಡ.

2025ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಂದಾಜಿನಂತೆ, ಭಾರತದಲ್ಲಿ 18 ತುಂಬುವ ಮುನ್ನ ಹೀಗೆ ನೊಂದ ಹೆಂಗಸರು ಶೇಕಡಾ 30.8, ಗಂಡಸರು ಶೇಕಡಾ 13.5. ಇದು ದೇಶದ ಅಂದಾಜು. ನಮ್ಮ ಹಾಸನ ಜಿಲ್ಲೆಯ ಲೆಕ್ಕ ಕೊಡಿರೆಂದು ಸರ್ಕಾರವನ್ನು ಕೇಳೋಣ. ಅಲ್ಲಿಯವರೆಗೆ, ಕಷ್ಟದಲ್ಲಿರುವ ಮಗುವಿಗಾಗಿ 1098ಕ್ಕೆ ಹಗಲಾಗಲಿ ರಾತ್ರಿಯಾಗಲಿ ಫೋನ್ ಮಾಡಿ, ಕಾಸು ಕೊಡಬೇಕಿಲ್ಲ.