ಒಂದು ಪೈಸೆಯೂ ತಗೊಳ್ಳದ ಏಜೆಂಟ್

ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ಕೇಳುಗರ ಪತ್ರಗಳಲ್ಲಿ ಈಚೆಗೆ ಒಂದೇ ಆತಂಕ. "ಮಗನಿಗೆ ಇಂಗ್ಲೆಂಡಿನ ಯೂನಿವರ್ಸಿಟಿಯಿಂದ ಆಫರ್ ಲೆಟರ್ ಬಂದೈತ್ರಿ. ಬೇಗ ಡೆಪಾಸಿಟ್ ಕಟ್ರಿ ಅಂತಾರೆ. ಕನ್ಸಲ್ಟೆನ್ಸಿಯವರು ನಮ್ಮ ಕಡೆಯಿಂದ ಒಂದು ಪೈಸೆ ತಗೊಂಡಿಲ್ಲ. ಹೊಲ ಮಾರಬಹುದಾ?"

ಆ ಒಂದು ಪೈಸೆಯಿಂದಲೇ ಶುರು ಮಾಡೋಣ. ನೀವು ಕೊಡದಿದ್ದರೆ ಬೇರೆ ಯಾರೋ ಕೊಡುತ್ತಿದ್ದಾರೆ. ಕೊಡುವುದು ಆ ಯೂನಿವರ್ಸಿಟಿಯೇ. ನಿಮ್ಮ ಹುಡುಗ ಸೇರಿ ಫೀಸು ಕಟ್ಟಿದ ಮೇಲೆ, ಆ ಫೀಸಿನಲ್ಲೇ ಒಂದು ಪಾಲು ಏಜೆಂಟನಿಗೆ ಕಮಿಷನ್ ಆಗಿ ಹೋಗುತ್ತದೆ. ಅಲ್ಲಿ ಇದು ಕದ್ದುಮುಚ್ಚಿ ನಡೆಯುವ ವ್ಯವಹಾರವಲ್ಲ, ಕರಾರು ಬರೆದುಕೊಂಡೇ ಮಾಡುತ್ತಾರೆ.

ಯೂನಿವರ್ಸಿಟಿಗಳಿಗೇಕೆ ಇಷ್ಟು ಆತುರ? ಇಂಗ್ಲೆಂಡಿನ ಸರ್ಕಾರ ತನ್ನ ಮಕ್ಕಳ ಪದವಿ ಫೀಸನ್ನು 2017ರಿಂದ ವರ್ಷಕ್ಕೆ 9,250 ಪೌಂಡಿಗೆ ಕಟ್ಟಿಹಾಕಿತ್ತು. ಅದನ್ನು 9,535ಕ್ಕೆ ಏರಿಸಿದ್ದು 2025ರಲ್ಲಿ. ಅಷ್ಟರಲ್ಲಿ ಸಂಬಳ, ಕರೆಂಟು, ಕಟ್ಟಡದ ಖರ್ಚೆಲ್ಲ ಏರಿಹೋಗಿತ್ತು. ಹೊರದೇಶದವರ ಫೀಸಿಗೆ ಮಾತ್ರ ಇಂಥ ಮಿತಿಯಿಲ್ಲ. ಕೊರತೆ ತುಂಬಲು ನಮ್ಮ ಮಕ್ಕಳು ಬೇಕು. ಆಸ್ಟ್ರೇಲಿಯಾ, ಕೆನಡಾಗಳ ಕಾಲೇಜುಗಳೂ ಇದೇ ದುಡ್ಡನ್ನು ನೆಚ್ಚಿಕೊಂಡಿವೆ.

ಮತ್ತೊಮ್ಮೆ ಹೇಳುತ್ತೇನೆ: ಏಜೆಂಟ್ ಯೂನಿವರ್ಸಿಟಿಯ ಕಡೆಯವನು. ಕೊಟ್ಟೂರು ಎಪಿಎಂಸಿಗೆ ಶೇಂಗಾ ಹಾಕಿದವರಿಗೆ ದಲಾಲಿ ಎಂದರೇನೆಂದು ನಾನು ಹೇಳಿಕೊಡಬೇಕಿಲ್ಲ. ಸಾಕ್ಷಿ ಬೇಕಿದ್ದರೆ ಜರ್ಮನಿ ನೋಡಿ. ಅಲ್ಲಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬಹುಪಾಲು ಬೋಧನಾ ಶುಲ್ಕವೇ ಇಲ್ಲ. ಖರ್ಚಿನ ಹಣವನ್ನು ಮೊದಲೇ ಖಾತೆಯಲ್ಲಿ ತೋರಿಸಬೇಕು, ನಮ್ಮ ಅಂಕಪಟ್ಟಿ ಅಸಲಿ ಎನ್ನುವ ಎಪಿಎಸ್ ಪ್ರಮಾಣಪತ್ರ ಬೇಕು, ಅದು ನಿಜ. ಆದರೆ ಫೀಸಿಲ್ಲದ ಕಡೆ ಕಮಿಷನ್ ಎಲ್ಲಿಂದ ಬರಬೇಕು? ಅದಕ್ಕೇ ಕೆಲವು ಏಜೆಂಟರು ಜರ್ಮನಿಯ ಹೆಸರೆತ್ತಿದರೂ ಮುಂದಿಡುವುದು ಅಲ್ಲಿನ ಖಾಸಗಿ ಕಾಲೇಜನ್ನು.

ಆಫರ್ ಲೆಟರ್ ಬಂದರೆ ಸಿಇಟಿ ರ‍್ಯಾಂಕ್ ಬಂದಂತೆ ಊರಿಗೆಲ್ಲ ಪೇಡೆ ಹಂಚುವುದನ್ನು ಕಂಡರೆ ನನಗೆ ತಳಮಳ. ಹರಪನಹಳ್ಳಿಯ ಪರಿಚಯದವರೊಬ್ಬರ ಮನೆಯಲ್ಲಿ ಅಂಥದೊಂದು ಪತ್ರ ಓದಿದೆ. ಬ್ಯಾಂಕ್ ಖಾತೆಯ ನಂಬರಿನ ಕೆಳಗೆ ಯಾರೋ ಪೆನ್ನಿನಲ್ಲಿ ಎರಡು ಗೆರೆ ಎಳೆದಿದ್ದರು. ಡೆಪಾಸಿಟ್ ಯಾವಾಗ ವಾಪಸ್ ಬರುವುದಿಲ್ಲ ಎಂಬ ಸಾಲು ಕೊನೆಯ ಪುಟದಲ್ಲಿ, ಸಣ್ಣಕ್ಷರದಲ್ಲಿತ್ತು. ಅದರ ಕೆಳಗೆ ಗೆರೆಯಿರಲಿಲ್ಲ. ಆ ತಂದೆಗೆ ಅದನ್ನು ಕನ್ನಡದಲ್ಲಿ ಓದಿ ಹೇಳಿದವರೂ ಇರಲಿಲ್ಲ.

"ಅಲ್ಲಿ ಹೋದ ಮೇಲೆ ಕೆಲಸ ಸಿಕ್ಕೇ ಸಿಗ್ತದೆ" ಅನ್ನುವುದನ್ನೂ ನಂಬಬೇಡಿ. ಅಲ್ಲಿನ ನಿಯಮಗಳು ಯಾವಾಗ ಬದಲಾಗುತ್ತವೋ ಹೇಳಲಾಗದು: 2024ರಲ್ಲಿ ಕೆನಡಾ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಹಾಕಿತು. ಅದೇ ವರ್ಷದ ಜನವರಿಯಿಂದ ಬ್ರಿಟನ್ ಹೆಚ್ಚಿನ ಕೋರ್ಸುಗಳ ವಿದ್ಯಾರ್ಥಿಗಳು ಹೆಂಡತಿ-ಮಕ್ಕಳನ್ನು ಕರೆತರುವುದನ್ನು ನಿಲ್ಲಿಸಿತು.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಏಜೆಂಟನನ್ನು ನೇರವಾಗಿ ಕೇಳಿ: ನಿಮಗೆ ಕಮಿಷನ್ ಕೊಡುವ ಕಾಲೇಜುಗಳು ಯಾವುವು, ಕೊಡದವು ಯಾವುವು? ಪತ್ರ ಅಸಲಿಯೋ ಎಂದು ಯೂನಿವರ್ಸಿಟಿಗೇ ಇ-ಮೇಲ್ ಬರೆದು ಕೇಳಿ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಹೊರದೇಶದಲ್ಲಿ ಓದಲು ನೆರವಾಗುವ, ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯಿದೆ. ನಮ್ಮ ತಾಲ್ಲೂಕುಗಳ ಎಷ್ಟೋ ಮನೆಗಳಿಗೆ ಬೇಕಾದ ಈ ಸುದ್ದಿಯನ್ನು ಏಜೆಂಟ್ ಹೇಳುತ್ತಾನೆಂದು ಕಾಯಬೇಡಿ, ಇಲಾಖೆಯ ಕಚೇರಿಯಲ್ಲೇ ವಿಚಾರಿಸಿ. ಇಷ್ಟೂ ಆಗುವವರೆಗೆ ಹೊಲದ ಪಹಣಿ ಮನೆಯಲ್ಲೇ ಇರಲಿ.