ಉಪ್ಪಾಗೆಯ ಮರದಡಿಯ ಪಾಠ



ಪರಿಸರ ಶಿಕ್ಷಣವೆಂದೊಡನೆ ಪಠ್ಯಪುಸ್ತಕದ ಒಂದು ಅಧ್ಯಾಯ, ಜೂನ್ 5ರ ಮೆರವಣಿಗೆ, ಶಾಲೆಯ ಅಂಗಳದಲ್ಲಿ ನೆಟ್ಟ ಸಸಿ ಕಣ್ಮುಂದೆ ಬರುತ್ತವೆ. ಮರುವರ್ಷದ ಬೇಸಿಗೆಯಲ್ಲಿ ಆ ಸಸಿ ಏನಾಯಿತೆಂದು ಕೇಳುವವರು ವಿರಳ. ಶಾಲಾ ಕಾಲೇಜುಗಳಲ್ಲಿ ಪರಿಸರವನ್ನು ಕಡ್ಡಾಯ ವಿಷಯವಾಗಿ ಬೋಧಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 1991ರಲ್ಲಿಯೇ ನಿರ್ದೇಶಿಸಿತು. ಪಾಠ ಬಂದಿತು, ಪರೀಕ್ಷೆಯೂ ಬಂದಿತು. ಆದರೆ ಅಂಕಕ್ಕಾಗಿ ಕಲಿತದ್ದು ಕಾಡಿನ ದಾರಿಯವರೆಗೆ ಜೊತೆಗೆ ಬರುವುದು ಕಡಿಮೆ.

ಉತ್ತರ ಕನ್ನಡದ ಜನರು ಕಲಿತ ಬಗೆ ಬೇರೆ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯವರು ಸಮೀಪದ ಕಾಡಿಗೆ ನಡೆದು, ಮರಗಳನ್ನು ಅಪ್ಪಿ ನಿಂತು ಕೊಡಲಿಯನ್ನು ತಡೆದರು. ಅಲ್ಲಿಂದ ಬೆಳೆದ ಅಪ್ಪಿಕೊ ಚಳವಳಿಯು ಪಾದಯಾತ್ರೆ, ಸ್ಲೈಡ್ ಪ್ರದರ್ಶನ, ಬೀದಿ ನಾಟಕಗಳ ಮೂಲಕ ಊರೂರಿಗೆ ಹೋಯಿತು. ಉಳಿಸು, ಬೆಳೆಸು, ಬಳಸು ಎಂಬ ಮೂರು ಶಬ್ದಗಳಲ್ಲಿ ಅದರ ಪಠ್ಯಕ್ರಮವೆಲ್ಲ ಅಡಗಿತ್ತು. ಮೂರನೆಯ ಶಬ್ದವನ್ನು ಹಲವರು ಮರೆಯುತ್ತಾರೆ. ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟದ ಸೊಪ್ಪು, ದರಕು ಬೇಕೇ ಬೇಕಾದ ಸೀಮೆಯಲ್ಲಿ, ಕಾಡನ್ನು ಮುಟ್ಟಬೇಡಿ ಎಂಬ ಉಪದೇಶ ಒಂದು ಮಳೆಗಾಲವೂ ಬಾಳದು.

ಉಪ್ಪಾಗೆಯನ್ನೇ ನೋಡಿ. ಹಿಂದೆ ಅದು ಮನೆಬಳಕೆಯ ಹುಳಿ. ಅದರ ಬೀಜದಿಂದ ತುಪ್ಪವನ್ನೂ ತೆಗೆಯುತ್ತಿದ್ದರು. ಬೊಜ್ಜು ಕರಗಿಸುವ ಔಷಧಕ್ಕೆಂದು ಒಣಸಿಪ್ಪೆ ಹೊರದೇಶಗಳಿಗೆ ಹೋಗತೊಡಗಿದಾಗ ಬೆಲೆ ಏರಿತು. ಇಂದು ಕೊಯ್ಯದಿದ್ದರೆ ನಾಳೆ ಬೇರೆಯವರು ಕೊಯ್ಯುತ್ತಾರೆಂಬ ಆತುರದಲ್ಲಿ ಎಳೆಯ ಕಾಯಿಗಳೇ ಬುಟ್ಟಿ ಸೇರಿದವು; ಹತ್ತಲಾರದ ಕಡೆ ಟೊಂಗೆಗಳೇ ಉರುಳಿದವು. ಉಪ್ಪಾಗೆಯಲ್ಲಿ ಗಂಡುಮರ, ಹೆಣ್ಣುಮರ ಬೇರೆ ಬೇರೆ. ಹಣ್ಣು ಬಿಡದ ಮರವೆಂದು ಗಂಡುಮರವನ್ನು ಕಡಿದರೆ ಹೆಣ್ಣುಮರವೂ ಬರಡಾಗುವ ಸಂಭವವುಂಟು. ಸಿಂಗಳೀಕಕ್ಕೂ ಅದೇ ಹಣ್ಣು ಆಹಾರ. ಸಾಲದುದಕ್ಕೆ, ಸುರಿಯುವ ಮಳೆಯಲ್ಲಿ ಸಿಪ್ಪೆ ಒಣಗಿಸಲು ಹೊರೆಗಟ್ಟಲೆ ಕಟ್ಟಿಗೆ ಬೇಕು. ಒಂದು ಹುಳಿಹಣ್ಣಿನಲ್ಲಿ ಸಸ್ಯಶಾಸ್ತ್ರ, ಗಣಿತ, ಅರ್ಥಶಾಸ್ತ್ರ ಮೂರೂ ಇವೆ. ಪಾಪ, ಪುಸ್ತಕ ಬರೆಯುವವರಿಗೆ ಉಪ್ಪಾಗೆ ಕಂಡಿಲ್ಲ!

ಈ ಪಾಠವನ್ನು ಮರದ ಬುಡದಲ್ಲಿಯೇ ನಡೆಸಬಹುದು. ಕೊಯ್ದ ಕಾಯಿ, ಮಾಗಿ ತಾನಾಗಿ ಉದುರಿದ ಹಣ್ಣು, ಎರಡರ ಸಿಪ್ಪೆಯನ್ನೂ ಒಣಗಿಸಿ ಮಕ್ಕಳು ತೂಗಿ ನೋಡಲಿ. ಟೊಂಗೆ ಕಡಿದ ಮರದಲ್ಲಿ ಮುಂದಿನ ವರ್ಷ ಎಷ್ಟು ಹಣ್ಣು ಬಿಟ್ಟಿತು, ಬುಡದಲ್ಲಿ ಎಷ್ಟು ಸಸಿ ಹುಟ್ಟಿತು ಎಂಬುದನ್ನು ಬರೆದಿಡಲಿ. ಒಂದು ಸೇರು ಸಿಪ್ಪೆಗೆ ಸುಟ್ಟ ಕಟ್ಟಿಗೆಯ ಲೆಕ್ಕವೂ ಇರಲಿ. ಇದಕ್ಕೆ ಒಂದು ತಕ್ಕಡಿ, ಒಂದು ನೋಟುಪುಸ್ತಕ ಸಾಕು. ಆದರೆ ಹಣ್ಣು ಆಯುವ ಮನೆಗಳವರನ್ನು ಬಿಟ್ಟು ಇದನ್ನು ಮಾಡಲಾಗದು. ಯಾವ ಮರ ಯಾವ ವಾರದಲ್ಲಿ ಹಣ್ಣು ಉದುರಿಸುತ್ತದೆಂಬುದು ಮೇಷ್ಟರಿಗಿಂತ ಅವರಿಗೇ ಚೆನ್ನಾಗಿ ಗೊತ್ತು. ಮೊದಲ ದಿನದ ತರಗತಿಯನ್ನು ಅವರೇ ತೆಗೆದುಕೊಳ್ಳಲಿ.